ಜೀಪಿನ ಶೇಂಗಾ

ನಮ್ಮ ಮನೆಯವರು ಸುಳ್ಳು ಹೇಳುವುದನ್ನು ಬಿಟ್ಟ ವರ್ಷ ನಮ್ಮೂರಿಗೆ ಆದಷ್ಟು ತ್ರಾಸು ಕಾಲುವೆ ಒಡೆದ ವರ್ಷವೂ ಆಗಿರಲಿಲ್ಲ. ಬೀಡಿ ಬಿಟ್ಟ ಗಂಡಸರ ಹೆಂಡಂದಿರು ಸುಖವಾಗಿದ್ದಾರೆ. ಸೇಂದಿ ಬಿಟ್ಟ ಗಂಡಸರ ಹೆಂಡಂದಿರು ಇನ್ನೂ ಸುಖವಾಗಿದ್ದಾರೆ. ಸುಳ್ಳು ಬಿಟ್ಟ ಗಂಡನ ಜೊತೆ ಸಂಸಾರ ಮಾಡಿದವಳು ಶಹಾಪುರ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಆದ್ದರಿಂದ ಇದನ್ನು ನಾನೇ ಬರೆಯಬೇಕಾಗಿದೆ.

ನಾನು ಸುಂದ್ರಮ್ಮ, ಅಂಗನವಾಡಿ ಟೀಚರು. ನಮ್ಮವರ ಹೆಸರು ಯೇಸುಮಿತ್ರಪ್ಪ, ಊರವರ ಬಾಯಲ್ಲಿ ಮಿತ್ರಪ್ಪ. ಶಿರವಾಳದ ದಾರಿ ಬಿಟ್ಟು ನಾಲ್ಕು ಮೈಲಿ ಒಳಗೆ ಬಂದರೆ ನಮ್ಮೂರು. ಇಪ್ಪತ್ತು ಕ್ರೈಸ್ತರ ಮನೆಗಳು, ತಗಡಿನ ಮಾಡಿನ ಒಂದು ಚರ್ಚು. ನಮ್ಮದು ಎರಡೇ ಎಕರೆ ಹೊಲ, ಅದೂ ರಸ್ತೆಗೆ ಹತ್ತಿಕೊಂಡು. ಆ ರಸ್ತೆಯೇ ನಮಗೆ ಮುಳುವಾಯಿತು.

ಕಾಲುವೆ ಬಂದಾಗ ಸರ್ಕಾರದವರು ಒಂದು ನಿಯಮ ಮಾಡಿದ್ದರು. ಜೋಳ, ಶೇಂಗಾ, ಹತ್ತಿ ಹಾಕಬಹುದು, ಭತ್ತ ಹಾಕಬಾರದು. ಭತ್ತ ನೀರು ಕುಡಿಯುತ್ತ ಕೂತರೆ ಕೆಳಗಿನ ಊರುಗಳಿಗೆ ಉಳಿಯುವುದಿಲ್ಲ ಎಂದು. ನಿಯಮವೇನೋ ನ್ಯಾಯವಾದದ್ದೇ. ಆದರೆ ಹಬ್ಬಕ್ಕೊಮ್ಮೆ ಅನ್ನ ಕಂಡವರ ಹೊಲದ ಬದಿಗೆ ನೀರು ಹರಿಸಿ, ಭತ್ತ ಹಾಕಬೇಡಿ ಎಂದರೆ ಯಾರು ಕೇಳುತ್ತಾರೆ? ಊರಿಗೆ ಊರೇ ಭತ್ತ ಹಾಕಿತು. ರಸ್ತೆಯ ಕಡೆಗೆ ಮಾತ್ರ ಬದುವಿನ ಏರಿಯ ಮೇಲೆ ಐದು ಸಾಲು ಶೇಂಗಾ ಊರಿತು. ಕಾಲುವೆ ಕಚೇರಿಯ ಜೀಪು ಬಂದಾಗ ಸಾಹೇಬರಿಗೆ ಮೊದಲು ಕಾಣಬೇಕಾದದ್ದು ಅದು. ಅದಕ್ಕೆ ನಮ್ಮಲ್ಲಿ ಜೀಪಿನ ಶೇಂಗಾ ಎಂದೇ ಹೆಸರು. ಅದರ ಹಿಂದೆ ಸೊಂಟದೆತ್ತರ ಭತ್ತ ನಿಂತಿರುತ್ತಿತ್ತು. ಸಾಹೇಬರೂ ಕುರುಡರಲ್ಲ. ಆದರೆ ಜೀಪಿನಿಂದ ಇಳಿಯದೆ ನೋಡಿದರೆ ಶೇಂಗಾ ಅನ್ನಬಹುದಿತ್ತು, ಮತ್ತು ಅವರಿಗೆ ಇಳಿಯುವ ಮನಸ್ಸೂ ಇರಲಿಲ್ಲ.

ಜೀಪು ನಿಲ್ಲಿಸಿ, ಏನು ಬೆಳೆ ಎಂದು ಕೇಳುವುದು ಒಂದು ಪದ್ಧತಿ. ಉತ್ತರ ಹೇಳಲು ಊರವರು ನಮ್ಮವರನ್ನೇ ಮುಂದೆ ಬಿಡುತ್ತಿದ್ದರು. ಬಿಳಿ ಅಂಗಿ ಹಾಕಿಸಿ, ಕಂಕುಳಲ್ಲಿ ದೇವರ ವಾಕ್ಯದ ಪುಸ್ತಕ ಇರಿಸಿ ನಿಲ್ಲಿಸುತ್ತಿದ್ದರು. ಕ್ರೈಸ್ತರು ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ ಸಾಹೇಬರಿಗಿತ್ತು. ಆ ನಂಬಿಕೆಯ ಮೇಲೆಯೇ ನಮ್ಮೂರಿನ ಭತ್ತ ಏಳು ವರ್ಷ ಬೆಳೆಯಿತು. ನಮ್ಮವರು ಐದು ಸಾಲಿನ ಕಡೆ ಕೈ ತೋರಿಸಿ ಶೇಂಗಾರೀ ಎನ್ನುತ್ತಿದ್ದರು. ಮನೆಗೆ ಬಂದು, ನಾನು ಶೇಂಗಾ ತೋರಿಸಿದೆ, ಶೇಂಗಾ ಅಂದೆ, ಇದರಲ್ಲಿ ಸುಳ್ಳೆಲ್ಲಿದೆ ಎಂದು ನನ್ನನ್ನು ಕೇಳುತ್ತಿದ್ದರು. ನಾನೆಲ್ಲಿ ಕೇಳಿದ್ದೆ?

ಏಳನೇ ವರ್ಷ ಆ ಶೇಂಗಾಕ್ಕೆ ಬಹುಮಾನ ಬಂತು. ಕಾಲುವೆಯ ನೀರನ್ನು ಹಿತಮಿತವಾಗಿ ಬಳಸಿದ ಮಾದರಿ ಶೇಂಗಾ ರೈತ ಎಂದು ಶಹಾಪುರದಲ್ಲಿ ಸಭೆ ಮಾಡಿ ಶಾಲು ಹೊದಿಸಿ, ಒಂದು ಗೋಡೆ ಗಡಿಯಾರ ಕೊಟ್ಟರು. ಆ ವರ್ಷ ನಮ್ಮ ಮನೆಗೆ ಬಂದ ಶೇಂಗಾ ಒಂದು ಸಲ ಚಟ್ನಿಪುಡಿ ಮಾಡುವಷ್ಟು. ಅಲ್ಲಿಗೇ ಮುಗಿದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆವು. ಆದರೆ ಶೇಂಗಾ ಬೆಳೆಯುವ ಬಗೆ ಹೇಳಿರೆಂದು ಮೈಕು ಕೈಗೆ ಕೊಟ್ಟರು. ನಮ್ಮವರಿಗೆ ಗೊತ್ತಿದ್ದದ್ದು ಭತ್ತ. ಅದನ್ನೇ ಹೆಸರು ಬದಲಿಸಿ ಹೇಳಿಬಿಟ್ಟರು. ಹೊಲದಲ್ಲಿ ಸದಾ ನೀರು ನಿಂತಿರಬೇಕು, ಬುಡ ಒಣಗಬಾರದು, ಯೂರಿಯಾ ಮೂರು ಸಲ ಕೊಡಬೇಕು ಎಂದರು. ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಸುರಪುರದ ಅಮರಪ್ಪ ಎಂಬ ರೈತ ಅದೆಲ್ಲವನ್ನೂ ಬರೆದುಕೊಂಡ.

ಮೂರು ತಿಂಗಳ ಮೇಲೆ ಅದೇ ಅಮರಪ್ಪ ನಮ್ಮ ಮನೆ ಹುಡುಕಿಕೊಂಡು ಬಂದ. ಒಂದು ಕೈಯಲ್ಲಿ ರೊಟ್ಟಿಯ ಗಂಟು, ಇನ್ನೊಂದು ಕೈಯಲ್ಲಿ ಕೊಳೆತ ಶೇಂಗಾ ಗಿಡ. ಹೇಳಿದ ಹಾಗೆಯೇ ನೀರು ನಿಲ್ಲಿಸಿದ್ದನಂತೆ, ಒಂದೂವರೆ ಎಕರೆ ಪೂರಾ ಕೊಳೆತು ಹೋಗಿದೆ. ಬೈಯಲು ಬಂದಿದ್ದಾನೆ ಅಂದುಕೊಂಡು ನಾನು ಸೆರಗು ಸಿಕ್ಕಿಸಿ ಬಾಗಿಲಿಗೆ ಬಂದೆ. ಅವನು ಚಪ್ಪಲಿ ಬಿಟ್ಟು, ಕೈಮುಗಿದು ಒಳಗೆ ಬಂದ.

"ತಪ್ಪು ನಂದೇ ಇರಬೇಕ್ರಿ," ಅಂದ. "ನೀವು ಹೇಳಿದ್ದು ನಾ ಎಲ್ಲೋ ಸರಿಯಾಗಿ ಬರಕೊಂಡಿಲ್ಲ. ಇನ್ನೊಮ್ಮೆ ಹೇಳ್ರಿ."

ನಮ್ಮವರ ಮುಖ ಬೂದಿಯಾಯಿತು, ಆಮೇಲೆ ಹೇಳುತ್ತೇನೆಂದು ಅವನನ್ನು ಕಳಿಸಿದರು. ಅವನು ಹೋದ ಮೇಲೆ ರೊಟ್ಟಿಯ ಗಂಟು ಬಿಚ್ಚಲೂ ಇಲ್ಲ. ಆದರೆ ರೊಟ್ಟಿ ಏನು ತಪ್ಪು ಮಾಡಿತ್ತು, ನಾನು ತಿಂದೆ.

ಈಸ್ಟರ್ ಹಬ್ಬದ ಮುಂಚಿನ ನಲವತ್ತು ದಿನ ನಮ್ಮ ಚರ್ಚಿನಲ್ಲಿ ಎಲ್ಲರೂ ಏನಾದರೊಂದನ್ನು ಬಿಡುವ ವಾಡಿಕೆ ಇದೆ. ಬಿಡುವುದನ್ನು ಚೀಟಿಯಲ್ಲಿ ಬರೆದು ಕಾಣಿಕೆ ಚೀಲಕ್ಕೆ ಹಾಕಬೇಕು, ಹೆಸರು ಹಾಕಬಾರದು. ಪಾಸ್ಟರ್ ಅಯ್ಯನವರು ಒಂದೊಂದಾಗಿ ಓದಿ ಪ್ರಾರ್ಥಿಸುತ್ತಾರೆ. ಸಕ್ಕರೆ ಎಂದು ಓದಿದರು, ಅದು ನನ್ನದು. ಬೀಡಿ ಎಂದರು, ಕೋಳಿ ಎಂದರು, ಮತ್ತೆ ಬೀಡಿ ಎಂದರು. ಆಮೇಲೆ ಒಂದು ಚೀಟಿ ತೆಗೆದು ಕನ್ನಡಕ ಸರಿಮಾಡಿಕೊಂಡು, ಸುಳ್ಳು ಎಂದು ಓದಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಆ ದಿನ ಇಡೀ ಚರ್ಚು ಹೆಗಲು ಮುಟ್ಟಿಕೊಂಡಿತು. ಚೀಟಿ ಯಾರದೆಂದು ನನಗೆ ಗೊತ್ತಾಯಿತು, ಏಕೆಂದರೆ ಆ ಹಾಳೆ ನನ್ನ ಅಂಗನವಾಡಿಯ ಹಾಜರಿ ಪುಸ್ತಕದಿಂದ ಹರಿದದ್ದು.

ಮನೆಗೆ ಬಂದು ಕೇಳಿದೆ. ದೇವರ ವಾಕ್ಯ ಓದುವ ಬಾಯಲ್ಲೇ ಶೇಂಗಾ ಅಂದಿದ್ದೇನೆ, ಇನ್ನು ಹೌದಿದ್ದದ್ದಕ್ಕೆ ಹೌದು, ಇಲ್ಲದ್ದಕ್ಕೆ ಇಲ್ಲ, ಅಷ್ಟೇ ಎಂದರು. ನಲವತ್ತು ದಿನ ತಾನೇ ಎಂದೆ. ನಲವತ್ತು ದಿನ ಬರೀ ರೂಢಿಯಾಗಲಿಕ್ಕೆ ಎಂದರು.

ಮೊದಲು ಸುರಪುರಕ್ಕೆ ಹೋಗಿ ಅಮರಪ್ಪನ ಮುಂದೆ ಎಲ್ಲ ಒಪ್ಪಿಕೊಂಡರು. ಮನೆಯಲ್ಲಿ ಊಟಕ್ಕೆಂದು ಕೊಂಡಿಟ್ಟಿದ್ದ ಜೋಳದಲ್ಲಿ ಎರಡು ಚೀಲವನ್ನೂ ಹೊತ್ತುಕೊಂಡು ಹೋಗಿದ್ದರು. ಹಾಗಾದರೆ ನೀವು ಬೆಳೆಯುವುದಾದರೂ ಏನು ಎಂದು ಅಮರಪ್ಪ ಕೇಳಿದನಂತೆ. ಭತ್ತ ಎಂದಿದ್ದಕ್ಕೆ ಒಳಗೆ ಹೋಗಿ ಅದೇ ನೋಟುಬುಕ್ಕು ತಂದು, ಭತ್ತದ್ದಾದರೂ ಸರಿಯಾಗಿ ಹೇಳ್ರಿ ಎಂದು ಬರೆಯಲು ಕೂತನಂತೆ. ಆಮೇಲೆ ಗಡಿಯಾರ ವಾಪಸು ಕೊಡಲು ಶಹಾಪುರದ ಕಚೇರಿಗೆ ಹೋದರು. ಬಹುಮಾನ ಕೊಡುವುದಕ್ಕೆ ರಿಜಿಸ್ಟರ್ ಇದೆ, ತಿರುಗಿ ತೆಗೆದುಕೊಳ್ಳುವುದಕ್ಕೆ ಇಲ್ಲ ಎಂದು ಗುಮಾಸ್ತ ಕಳಿಸಿಬಿಟ್ಟ.

ಅಲ್ಲಿಂದ ಶುರುವಾಯಿತು ನೋಡಿ. ಬಸ್ಸಿನಲ್ಲಿ ನಾನು ಸೆರಗಿನ ಕೆಳಗೆ ಎರಡು ಕೋಳಿ ಇಟ್ಟುಕೊಂಡು ಕೂತಿದ್ದೆ. ಕಂಡಕ್ಟರ್ ಏನೂ ಕೇಳದೆ ಮುಂದೆ ಹೋಗುತ್ತಿದ್ದ, ನಮ್ಮವರು ಕರೆದು ತೋರಿಸಿದರು. ಕೋಳಿಗಳು ಟಿಕೆಟ್ ತೆಗೆಸಿಕೊಂಡು ಮರ್ಯಾದೆಯಿಂದ ಯಾದಗಿರಿಗೆ ಬಂದವು. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು, ಪ್ರಸಂಗ ಹೇಗಿತ್ತು ಎಂದು ಕೇಳುವುದು ಅಯ್ಯನವರ ರೂಢಿ. ಎಲ್ಲರೂ ಚೆನ್ನಾಗಿತ್ತು ಎನ್ನುವುದು ನಮ್ಮ ರೂಢಿ. ನಮ್ಮವರು, ಅರ್ಧಕ್ಕೆ ನಿದ್ದೆ ಬಂತು, ಉಳಿದರ್ಧ ಹೋದ ವರ್ಷದ್ದು ಎಂದರು. ಮುಂದಿನ ಭಾನುವಾರದಿಂದ ಅಯ್ಯನವರು ಹಿಂಬಾಗಿಲಿನಿಂದ ಮನೆಗೆ ಹೋಗತೊಡಗಿದರು. ನನ್ನ ಸಾರಿನ ಬಗ್ಗೆ ನಮ್ಮವರು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಎರಡು ದಿನ ಒಲೆ ಹಚ್ಚಲಿಲ್ಲ, ಅಷ್ಟು ಹೇಳುತ್ತೇನೆ.

ಊರು ಮೊದಮೊದಲು ನಕ್ಕಿತು. ಜೀಪು ಬರುವ ದಿನ ಗೊತ್ತಾದಾಗ ನಗು ನಿಂತಿತು. ಬೇಸಿಗೆ ಭತ್ತ ಹಾಲುಗಾಳಿಗೆ ಬಂದಿತ್ತು. ಇನ್ನು ಹದಿನೈದು ದಿನ ನೀರು ಸಿಕ್ಕರೆ ಕಾಳು ತುಂಬುತ್ತದೆ, ಇಲ್ಲವಾದರೆ ಬರೀ ಜಳ್ಳು. ಭತ್ತ ಎಂದು ಕಾಗದದ ಮೇಲೆ ಬಂದರೆ ಕಾಲುವೆಯ ಗೇಟು ಬಂದ್. ಊರಿನ ಹಿರಿಯ ಭಗವಂತರಾಯರು ಅಯ್ಯನವರನ್ನೇ ಕರೆದುಕೊಂಡು, ನಮ್ಮವರು ಇಲ್ಲದ ಹೊತ್ತಿನಲ್ಲಿ ನಮ್ಮ ಮನೆಗೆ ಬಂದರು. ಒಂದೇ ದಿನದ ಮಟ್ಟಿಗೆ ಸುಳ್ಳಿಗೆ ರಿಯಾಯಿತಿ ಕೊಡಲು ಬರುತ್ತದೇನು ಎಂದು ಭಗವಂತರಾಯರು ಅಯ್ಯನವರನ್ನು ಕೇಳಿದರು. ಅಯ್ಯನವರು ಮಾಡಿನ ಕಡೆ ನೋಡಿದರು. ಚರ್ಚಿನ ಹಿಂದಿನ ಅರ್ಧ ಎಕರೆಯಲ್ಲಿ ಅವರದೂ ಭತ್ತವೇ ಇತ್ತು. ಮಿತ್ರಪ್ಪನವರು ಸುಳ್ಳು ಹೇಳುವುದು ಬೇಡ, ಆ ದಿನ ಊರಲ್ಲಿ ಇರದಿದ್ದರೆ ಸಾಕು ಎಂದು ಅವರು ನನ್ನ ಮುಖ ನೋಡಿ ಹೇಳಿದರು.

ನನಗೆ ಅರ್ಥವಾಯಿತು. ನಾನು ಬಿಟ್ಟಿದ್ದು ಸಕ್ಕರೆ, ಸುಳ್ಳಲ್ಲ. ಜೀಪು ಬರುವ ದಿನ ಬೆಳಿಗ್ಗೆ, ಯಾದಗಿರಿಯಲ್ಲಿ ನಮ್ಮಕ್ಕ ತಿಮ್ಮವ್ವನಿಗೆ ಬಹಳ ಜಡ್ಡಾಗಿದೆಯಂತೆ, ನೋಡಿಕೊಂಡು ಬನ್ನಿ ಎಂದು ಅವರನ್ನು ಮೊದಲ ಬಸ್ಸಿಗೆ ಹತ್ತಿಸಿದೆ. ಪಾಪ, ಅಕ್ಕನಿಗೆ ಹಾಲು ಹಣ್ಣು ಬೇರೆ ಕಟ್ಟಿಸಿಕೊಂಡು ಹೋದರು. ಊರವರೆಲ್ಲ ರಸ್ತೆಗೆ ಬಂದು ನಿಂತೆವು. ನಮ್ಮವರ ಜಾಗಕ್ಕೆ, ನಮ್ಮ ಮೇಲಿನ ಹೊಲದ ಸಾಬಣ್ಣನಿಗೆ ಬಿಳಿ ಅಂಗಿ ಹಾಕಿಸಿ ನಿಲ್ಲಿಸಿದ್ದರು. ಸಾಬಣ್ಣ ಕುರಿ ಸಾಕಿ ಬೆಳೆದವನು, ಅವನಿಗೆ ಬಿಳಿ ಅಂಗಿ ಹೊಸದು. ಪ್ರಶ್ನೆ ಕೇಳುವ ಮೊದಲೇ ಶೇಂಗಾ ಶೇಂಗಾ ಎಂದು ಬಾಯಿಪಾಠ ಮಾಡುತ್ತಿದ್ದ.

ಮಧ್ಯಾಹ್ನ ಎರಡು ಗಂಟೆಗೆ ಜೀಪು ಬಂತು. ಜೀಪಿನ ಬಾಗಿಲು ತೆರೆದು ಮೊದಲು ಇಳಿದವರು ನಮ್ಮವರು.

ಆದದ್ದಿಷ್ಟು. ಯಾದಗಿರಿಗೆ ಹೋಗಿ ನೋಡಿದರೆ ಅಕ್ಕ ಗಟ್ಟಿಮುಟ್ಟಾಗಿದ್ದಾಳೆ. ತಿರುಗಿ ಬಂದು ಶಹಾಪುರದಲ್ಲಿ ಇಳಿದು ನಮ್ಮೂರ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಸಾಹೇಬರೇ ಜೀಪು ನಿಲ್ಲಿಸಿ, ಮಾದರಿ ರೈತರೇ, ಬನ್ನಿ ಎಂದು ಹತ್ತಿಸಿಕೊಂಡಿದ್ದಾರೆ. ನಮ್ಮವರು ನನ್ನ ಹತ್ತಿರ ಬಂದು ಹಣ್ಣಿನ ಚೀಲ ಕೈಗೆ ಕೊಟ್ಟರು.

"ನಿಮ್ಮಕ್ಕ ಮೆಣಸಿನಕಾಯಿ ಕುಟ್ಟಾಕತ್ತಿದ್ದಳು," ಎಂದರು. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ.

ಸಾಹೇಬರು ಮೈಸೂರಿನ ಕಡೆಯವರು, ಮೆತ್ತಗಿನ ಮನುಷ್ಯ. ಜೀಪಿನಲ್ಲೇ ಕೂತು ಕಾಗದ ತೊಡೆಯ ಮೇಲೆ ಇಟ್ಟುಕೊಂಡು, ನಗುತ್ತ, ಈ ಸಲ ಏನು ಬೆಳೆ ಎಂದು ಕೇಳಿದರು. ಕೇಳುವಾಗಲೇ ಅವರ ಪೆನ್ನು ಶೇಂಗಾದ ಶಕಾರ ಬರೆಯುತ್ತಿತ್ತು. ಸಾಬಣ್ಣ ಹಿಂದಿನಿಂದ ಶೇಂಗಾ ಎಂದ. ಅವನನ್ನು ಯಾರೂ ನೋಡಲಿಲ್ಲ.

"ಮುಂದಿನ ಐದು ಸಾಲು ಶೇಂಗಾರಿ," ಎಂದರು ನಮ್ಮವರು. "ಹಿಂದಿಂದೆಲ್ಲಾ ಭತ್ತ. ಏಳು ವರ್ಷದಿಂದ ಭತ್ತ. ನಾ ನನ್ನ ಹೊಲದ್ದಷ್ಟ ಹೇಳಾಕತ್ತೇನಿ. ನಿಮಗ ಇಷ್ಟು ದಿನ ಸುಳ್ಳು ಹೇಳೀನಿ, ತಪ್ಪಾಗ್ಯಾದ."

ಗಾಳಿಗೆ ಭತ್ತ ತಲೆಯಾಡಿಸಿತು, ಅದಕ್ಕೂ ಆ ಹೊತ್ತೇ ಬೇಕಾಗಿತ್ತು. ಸಾಹೇಬರ ಹಣೆಯಲ್ಲಿ ಬೆವರು ಬಂತು. ಅವರ ಕಷ್ಟ ಆಗ ನನಗೆ ತಿಳಿಯಿತು. ಇಲ್ಲಿಗೆ ವರ್ಗವಾಗಿ ಬಂದ ಮೂರು ವರ್ಷದಿಂದ ಶೇಂಗಾ ಎಂದು ರುಜು ಹಾಕಿದವರು ಅವರು. ಗಡಿಯಾರ ಕೊಡಿಸಿದವರೂ ಅವರು. ಈ ಮನುಷ್ಯ ಸುಳ್ಳು ಹೇಳುವುದಿಲ್ಲ ಎಂದು ಮೇಲಿನವರಿಗೆ ಬರೆದು ಕಳಿಸಿದವರೂ ಅವರೇ. ಭತ್ತದ ಹಾಗೆ ಕಾಣುವ ಶೇಂಗಾ ತಳಿಯೇನಾದರೂ ಬಂದಿದೆಯೇ ಎಂದು ಒಂದು ಸಲ ಕೇಳಿ ನೋಡಿದರು. ಇಲ್ಲ ಎಂದರು ನಮ್ಮವರು. ಶೇಂಗಾದ ನಡುವೆ ತಾನಾಗಿಯೇ ಹುಟ್ಟಿದ ಭತ್ತವಿರಬಹುದೇ ಎಂದರು. ನಾನೇ ನಾಟಿ ಹಚ್ಚಿದ್ದು ಎಂದರು ನಮ್ಮವರು. ಕೊನೆಗೆ ಸಾಹೇಬರು ನನ್ನ ಕಡೆ ತಿರುಗಿದರು.

"ಪಾಪ, ಇವರಿಗೆ ಬಿಸಿಲು ಹೊಡೆದಿದೆ, ತಲೆ ಸರಿ ಇಲ್ಲ. ನೀವು ಹೇಳಿ ತಾಯಿ, ಇದೇನು ಬೆಳೆ?"

ನಿಜ ಹೇಳುತ್ತೇನೆ, ಶೇಂಗಾ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಎರಡು ಎಕರೆ ಹಾಲುಗಾಳು ಕಣ್ಣ ಮುಂದೆ ನಿಂತಿತ್ತು. ಇಡೀ ವರ್ಷದ ಅನ್ನ ಅದು. ನನಗೆ ಹೆದರಿಕೆಯಿತ್ತು. ಊರೆಲ್ಲ ನನ್ನ ಬಾಯಿ ನೋಡುತ್ತಿತ್ತು. ನಮ್ಮವರೊಬ್ಬರು ಮಾತ್ರ ನೋಡಲಿಲ್ಲ, ತಮ್ಮ ಚಪ್ಪಲಿ ನೋಡುತ್ತ ನಿಂತಿದ್ದರು. ಶೇಂಗಾ ಎಂದರೆ ನೀರು ಉಳಿಯುತ್ತದೆ, ನನ್ನ ಗಂಡ ಹುಚ್ಚನಾಗುತ್ತಾನೆ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದೇನೆ, ನನ್ನ ಗಂಡನನ್ನು ಹುಚ್ಚ ಅನ್ನುವ ಹಕ್ಕು ನನಗೊಬ್ಬಳಿಗೇ ಇದೆ. ಜೀಪಿನಲ್ಲಿ ಬಂದವರಿಗೆ ಇಲ್ಲ.

"ಅವರ ತಲಿ ಸರಿ ಅದರಿ," ಎಂದೆ. "ಇದು ಭತ್ತ."

ಸಾಹೇಬರು ಬರೆದಿದ್ದ ಶಕಾರವನ್ನು ಹೊಡೆದುಹಾಕಿದರು. ಆಮೇಲೆ ನಮ್ಮ ಎರಡು ಎಕರೆಯ ಮುಂದೆ ಭತ್ತ ಎಂದು ಬರೆದರು. ಉಳಿದ ಊರಿನ ಮುಂದೆ ಶೇಂಗಾ ಎಂದೇ ಬರೆದರು. ಸಂಜೆಗೆ ನೀರಗಂಟಿ ಬಂದು ನಮ್ಮ ಹೊಲದ ತೂಬಿನ ಬಾಗಿಲು ಇಳಿಸಿ ಬೀಗ ಹಾಕಿದ. ಇಡೀ ಸಾಲಿನಲ್ಲಿ ಭತ್ತ ಬೆಳೆದವರು ನಾವೊಬ್ಬರೇ ಎಂದಾಯಿತು. ನಾನು ನಕ್ಕೆ, ಆಮೇಲೆ ಅಡುಗೆಮನೆಗೆ ಹೋಗಿ ಒಂದಲ್ಲ, ಎರಡು ಚಮಚ ಸಕ್ಕರೆ ಹಾಕಿ ಚಹಾ ಕುಡಿದೆ. ದೇವರು ಕ್ಷಮಿಸಲಿ.

ಆರನೇ ದಿನಕ್ಕೆ ಗದ್ದೆ ಬಿರುಕು ಬಿಟ್ಟಿತು. ನಮ್ಮವರು ಊರಿನ ಬಾವಿಯಿಂದ ಕೊಡದಲ್ಲಿ ನೀರು ಹೊತ್ತು ಹಾಕತೊಡಗಿದರು. ಎರಡು ಎಕರೆಗೆ ಕೊಡದಲ್ಲಿ ನೀರು ಹಾಕುವುದೆಂದರೆ ಆನೆಗೆ ಚಮಚದಲ್ಲಿ ಗಂಜಿ ಕುಡಿಸಿದ ಹಾಗೆ. ಬೈಯುತ್ತ ಬೈಯುತ್ತ ನಾನೂ ಹೊತ್ತೆ. ಸುತ್ತಲಿನ ಗದ್ದೆಗಳಲ್ಲಿ ನೀರು ಮಿಂಚುತ್ತಿತ್ತು. ದಾರಿಯಲ್ಲಿ ಸಿಕ್ಕವರು, ಹೇಗಿದೆ ಮಿತ್ರಪ್ಪ ಎಂದರೆ ಇವರು ಸುಮ್ಮನೆ ಮುಂದೆ ಹೋಗುತ್ತಿದ್ದರು. ಚೆನ್ನಾಗಿದೆ ಎಂದರೆ ಸುಳ್ಳಾಗುತ್ತದೆ. ಇಲ್ಲ ಎನ್ನಲು ಮನಸ್ಸಿಲ್ಲ.

ಎಂಟನೇ ದಿನ ಬೆಳಿಗ್ಗೆ ಸಾಬಣ್ಣ ಸಲಿಕೆ ಹೆಗಲಿಗೆ ಹಾಕಿಕೊಂಡು ನಮ್ಮ ಬದುವಿಗೆ ಬಂದ. ಅವನ ಹೊಲ ನಮ್ಮದಕ್ಕಿಂತ ಒಂದು ಮೊಳ ಎತ್ತರ, ನಡುವೆ ಒಂದೇ ಒಡ್ಡು. ಅವನು ಗಂಟಲು ಸರಿಮಾಡಿಕೊಂಡ.

"ಮಿತ್ರಪ್ಪಣ್ಣ, ನಮ್ಮ ಶೇಂಗಾಕ್ಕ ನೀರು ಭಾಳ ಆಗ್ಯಾದ. ನಿಂತರ ಬುಡ ಕೊಳೀತಾವು. ಒಡ್ಡು ಕಡದು ಈ ಕಡಿ ಬಿಡತೀನಿ. ನಿನಗ ನೀರು ಬೇಕೇನು?"

ಅವನ ಬೆನ್ನ ಹಿಂದೆ ಅವನ ಭತ್ತ ಎದೆಯೆತ್ತರ ನಿಂತು ನಮ್ಮನ್ನು ನೋಡುತ್ತಿತ್ತು. ನಮ್ಮವರು ಕೊಡ ಹಿಡಿದುಕೊಂಡೇ, ಸಾಬಣ್ಣ, ಅದು ಶೇಂಗಾ ಅಲ್ಲ ಎಂದು ಶುರುಮಾಡಿದರು. ನನಗೆ ತಡೆಯಲಾಗಲಿಲ್ಲ.

"ಬೆಳಿ ಯಾವುದಂತ ಆತ ನಿಮಗ ಕೇಳಿಲ್ಲ," ಎಂದೆ. "ನೀರು ಬೇಕೇನಂತ ಕೇಳ್ಯಾನ. ಅದಕ್ಕಷ್ಟ ಖರೇ ಹೇಳ್ರಿ."

ನಮ್ಮವರು ಬಾಯಿ ಮುಚ್ಚಿದರು. ಕೋಳಿಯ ನಿಜ ಹೇಳಿದ್ದರು, ಅಯ್ಯನವರ ಪ್ರಸಂಗದ ನಿಜ ಹೇಳಿದ್ದರು, ನನ್ನ ಸಾರಿನದೂ ಹೇಳಿದ್ದರು, ಒಂದಕ್ಕೂ ತಡವರಿಸಿರಲಿಲ್ಲ. ಈಗ ಬಿರುಕು ಬಿಟ್ಟ ನೆಲ ನೋಡಿದರು, ಸಾಬಣ್ಣನ ಕಾಲು ನೋಡಿದರು, ಕೊಡವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಸಾಬಣ್ಣ ಕಾಯುತ್ತ ನಿಂತ. ಕಾಯುವುದು ಕುರಿ ಕಾದವನಿಗೆ ಗೊತ್ತು.

"ಬೇಕಪ್ಪ," ಎಂದರು ಕೊನೆಗೆ. "ಭಾಳ ಬೇಕಾಗ್ಯಾದ."

ಸಾಬಣ್ಣ ಒಡ್ಡಿಗೆ ಸಲಿಕೆ ಹಾಕಿದ. ನೀರು ಕೆಂಪಗೆ, ಮಣ್ಣು ಕಲಕಿಕೊಂಡು ನಮ್ಮ ಗದ್ದೆಗೆ ಇಳಿಯಿತು. ನಮ್ಮವರು ಕೊಡ ಕೆಳಗಿಟ್ಟು ಬದುವಿನ ಮೇಲೆ ಕೂತು ಅತ್ತರು. ನಾನು ಬೈಯಲಿಲ್ಲ.